ಮಂತ್ರಿಯೆಂಬ ಸವತಿ

ಗಂಡಸೊಬ್ಬ ನನಗೆ ಸವತಿಯಾಗಿ ಬರುತ್ತಾನೆ ಎಂದು ಮದುವೆಗೆ ಮುಂಚೆ ಯಾರಾದರೂ ಹೇಳಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಬಂದ. ಅದೂ ಅಂತಿಂಥವನಲ್ಲ, ಮಂತ್ರಿ. ಹತ್ತೊಂಬತ್ತು ವರ್ಷ ನನ್ನ ಗಂಡನನ್ನು ತನ್ನ ಬಳಿ ಇಟ್ಟುಕೊಂಡ.

ನನ್ನ ಗಂಡನ ಹೆಸರು ರೊಸೇರ್. ಕ್ವಿಬೆಕ್ಕಿನ ನಮ್ಮ ಸೇಂ-ಗೊಂತ್ರಾಂ ಊರಿನಲ್ಲಿ ಅವನನ್ನು ಕೇಳಿ ನೋಡಿ, ಒಬ್ಬರೂ ಕೆಟ್ಟ ಮಾತಾಡುವುದಿಲ್ಲ. ಮರ ಕಡಿಯುವವನ ಹನ್ನೊಂದನೆಯ ಮಗ. ಹದಿನಾರಕ್ಕೆ ಹಾಲಿನ ಲಾರಿ ಹತ್ತಿದ, ಇಪ್ಪತ್ತೈದಕ್ಕೆ ನನ್ನನ್ನು ಮದುವೆಯಾದ. ಮಾತು ಕಮ್ಮಿ, ಕೆಲಸ ಅಚ್ಚುಕಟ್ಟು. ಎಂಥ ಹಿಮ ಬಿದ್ದಿರಲಿ, ಹಾಲು ಒಂದು ದಿನ ತಡವಾಗಿ ಬಂದದ್ದಿಲ್ಲ. ಯಾರ ಕಾರು ಹೂತರೂ ಎಳೆಯುವವನು ಅವನೇ, ಯಾರ ಅಜ್ಜಿಗೆ ಆಸ್ಪತ್ರೆ ಬೇಕಾದರೂ ಕರೆದೊಯ್ಯುವವನು ಅವನೇ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಗಾದೆಯನ್ನು ಇವನನ್ನು ನೋಡಿಯೇ ಕಟ್ಟಿರಬೇಕು.

ಎಪ್ಪತ್ತಾರರ ಚುನಾವಣೆಯ ಸಮಯದಲ್ಲಿ ಎವಾರಿಸ್ತ್ ಪೊಮೆರ್ಲೊ ಎಂಬ ಕಾಲೇಜು ಮೇಷ್ಟ್ರು ನಮ್ಮ ಕ್ಷೇತ್ರಕ್ಕೆ ಅಭ್ಯರ್ಥಿಯಾಗಿ ನಿಂತರು. ಕ್ವಿಬೆಕ್ ಕೆನಡಾದಿಂದ ಬೇರೆಯಾಗಿ ತನ್ನದೇ ದೇಶವಾಗಬೇಕು ಎನ್ನುವ ಪಕ್ಷ. ಅವರ ಸ್ನೇಹಿತನ ಕಾರು ಕೆಸರಿನಲ್ಲಿ ಹೂತು, ಸಭೆಗೆ ಹೊತ್ತಾಗಿ, ದಾರಿಯಲ್ಲಿ ಕೈ ಬೀಸುತ್ತ ನಿಂತಿದ್ದರಂತೆ. ರೊಸೇರ್ ಹಾಲಿನ ಲಾರಿಯಲ್ಲಿ ಹತ್ತಿಸಿಕೊಂಡು ಹೋಗಿ ಬಿಟ್ಟ. ಬಿಟ್ಟು ಬಂದಿದ್ದರೆ ಸರಿಯಾಗುತ್ತಿತ್ತು. ಇವನು ಹಿಂದಿನ ಬೆಂಚಿನ ಮೇಲೆ ಕೂತು ಭಾಷಣ ಪೂರ್ತಿ ಕೇಳಿದ. ಮನೆಗೆ ಬಂದಾಗ ಹಾಲು ಹುಳಿಯಾಗಿತ್ತು, ಗಂಡ ಬೇರೆಯವನಾಗಿದ್ದ. ಪೊಮೆರ್ಲೊ ಗೆದ್ದು ಮಂತ್ರಿಯಾದ ಕೂಡಲೇ ಸರಕಾರದ ಕಾರಿಗೆ ಚಾಲಕ ಬೇಕೆಂದಾಗ ರೊಸೇರ್‌ನದು ಬಿಟ್ಟು ಬೇರೆ ಹೆಸರನ್ನೇ ಹೇಳಲಿಲ್ಲ.

ಪೊಮೆರ್ಲೊಗೆ ಕಾರು ಓಡಿಸಲು ಬರುತ್ತಿರಲಿಲ್ಲ. ನಮ್ಮ ಕಡೆ ಹದಿನಾರಕ್ಕೇ ಹುಡುಗರೆಲ್ಲ ಕಲಿಯುತ್ತಾರೆ. ಇವರು ಮೊದಲು ಪಾದ್ರಿಗಳ ಶಾಲೆ, ಆಮೇಲೆ ಪಟ್ಟಣ, ಆಮೇಲೆ ಪುಸ್ತಕ ಎಂದು ಕಲಿಯದೇ ಉಳಿದವರು. ಹೆಂಡತಿ ಓಡಿಸುತ್ತಿದ್ದಳು, ಅವಳು ತೀರಿಕೊಂಡಳು. ಹಾಗಾಗಿ ಅಂಗಡಿಗೆ ಹೋಗಬೇಕಾದರೂ ರೊಸೇರ್, ಹಲ್ಲು ಕೀಳಿಸಬೇಕಾದರೂ ರೊಸೇರ್. ನಡುವೆ ಒಂಬತ್ತು ವರ್ಷ ಪಕ್ಷ ಅಧಿಕಾರದಲ್ಲಿರಲಿಲ್ಲ, ಸರಕಾರದ ಕಾರೂ ಹೋಗಿತ್ತು. ಪೀಡೆ ಕಳೆಯಿತು ಎಂದುಕೊಂಡೆ. ಇವನು ನಮ್ಮದೇ ಷೆವ್ರೊಲೆ ಕಾರಿನಲ್ಲಿ ಅವರನ್ನು ಹತ್ತಿಸಿಕೊಂಡು ತಿರುಗಿದ.

ನಮ್ಮ ಮದುವೆಯ ಬೆಳ್ಳಿಹಬ್ಬದ ದಿನ ಚರ್ಚಿನ ಸಭಾಂಗಣದಲ್ಲಿ ನಲವತ್ತು ಜನ ಸೇರಿದ್ದರು. ಕೇಕು ಕತ್ತರಿಸುವ ಹೊತ್ತಿಗೆ ಫೋನು ಬಂತು. ಪೊಮೆರ್ಲೊಗೆ ಯಾವುದೋ ತುರ್ತು ಸಭೆ. ನಾನು ಒಬ್ಬಳೇ ಚಾಕು ಹಿಡಿದುಕೊಂಡು ಫೋಟೋಕ್ಕೆ ನಿಂತೆ. ಆ ಫೋಟೋ ಈಗಲೂ ಇದೆ, ನಾನು ಯಾರನ್ನೋ ಇರಿಯಲು ಹೊರಟವಳಂತೆ ಕಾಣುತ್ತೇನೆ. ಪೊಮೆರ್ಲೊಗೆ ಈರುಳ್ಳಿ ಆಗುವುದಿಲ್ಲ, ಎಡಗಿವಿ ಮಂದ, ಭಾಷಣಕ್ಕೆ ಮುಂಚೆ ಬಿಸಿನೀರು ಬೇಕು, ಎಲ್ಲವೂ ರೊಸೇರ್‌ಗೆ ಬಾಯಿಪಾಠ. ನಾನು ಕಾಫಿಗೆ ಸಕ್ಕರೆ ಹಾಕಿಕೊಳ್ಳುವುದಿಲ್ಲ ಎಂಬುದನ್ನು ಮಾತ್ರ ಪ್ರತಿ ಸಲವೂ ಮರೆಯುತ್ತಿದ್ದ. ನನಗೆ ಹೊಟ್ಟೆಕಿಚ್ಚು. ಮುಚ್ಚಿಡುವುದು ಏನಿದೆ? ಹೊಟ್ಟೆಕಿಚ್ಚೇ.

ಪಕ್ಷ ಮತ್ತೆ ಗೆದ್ದಿತು, ಪೊಮೆರ್ಲೊ ಮತ್ತೆ ಮಂತ್ರಿಯಾದರು, ತೊಂಬತ್ತೈದರ ಅಕ್ಟೋಬರಿನಲ್ಲಿ, ಕ್ವಿಬೆಕ್ ಬೇರೆ ದೇಶವಾಗಬೇಕೇ ಎಂದು ಜನರನ್ನು ಕೇಳುವ ಎರಡನೆಯ ಜನಮತಗಣನೆ ಬಂತು. ನಮ್ಮ ಸುತ್ತಿನ ಊರುಗಳಿಗೆಲ್ಲ 'ಹೌದು' ಕಡೆಯ ಮುಖಂಡರು ಅವರೇ. ಚರ್ಚಿನ ಸಭಾಂಗಣದ ವೇದಿಕೆಯಿಂದ ಅವರು ಹೇಳಿದ್ದನ್ನು ನಾನೇ ಕಿವಿಯಾರೆ ಕೇಳಿದೆ: ಈ ಕ್ಷೇತ್ರದಲ್ಲಿ ಸೋತರೆ ಮರುದಿನವೇ ಮಂತ್ರಿ ಪದವಿಯನ್ನೂ ಶಾಸಕನ ಜಾಗವನ್ನೂ ಬಿಟ್ಟು ಮನೆಗೆ ಹೋಗುತ್ತೇನೆ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನು ಕೂತೇ ಇದ್ದೆ. ಆ ಮಾತು ನನ್ನ ತಲೆಯೊಳಗೆ ಹೊಕ್ಕಿತ್ತು.

ನಮ್ಮಲ್ಲೊಂದು ಪದ್ಧತಿಯಿದೆ. ಮತದಾನಕ್ಕೆ ಮುಂಚೆ ಪಕ್ಷದವರು ಮತದಾರರ ಪಟ್ಟಿ ಹಿಡಿದು ಮನೆಮನೆಗೂ ಫೋನ್ ಮಾಡಿ, ನೀವು 'ಹೌದಾ', 'ಇಲ್ಲವಾ', ಇನ್ನೂ ತೀರ್ಮಾನವಾಗಿಲ್ಲವಾ ಎಂದು ಕೇಳುತ್ತಾರೆ. ಪ್ರತಿ ಹೆಸರಿನ ಮುಂದೆ ಒಂದು ಗುರುತು. ಸಂಶಯದವರಿಗೆ ಮತ್ತೆ ಮತ್ತೆ ಫೋನು, ಮನೆಗೆ ಭೇಟಿ, ಬೇಕಾದರೆ ಸ್ವತಃ ಮಂತ್ರಿಗಳೇ ಬಂದು ಕಾಫಿ ಕುಡಿಯುತ್ತಾರೆ. ನಮ್ಮ ಬೀದಿಯ ಪಟ್ಟಿ ನನ್ನ ತಂಗಿ ಜಿನೆತ್ ಕೈಯಲ್ಲಿತ್ತು. ಎದುರುಮನೆಯ ಕಿವುಡಜ್ಜನಿಗೂ ಅವಳು ಆರು ಸಲ ಫೋನ್ ಮಾಡಿದಳು. ನಮ್ಮ ಮನೆಗೆ ಮಾಡಲಿಲ್ಲ. ದೀಪದ ಬುಡದಲ್ಲೇ ಕತ್ತಲೆ. ಒಂದು ದಿನ ಅವಳ ಅಡುಗೆಮನೆಯಲ್ಲಿ ಪಟ್ಟಿ ನೋಡಿದೆ. ನನ್ನ ಹೆಸರಿನ ಮುಂದೆ ಎಂದೋ 'ಹೌದು' ಎಂದು ಗುರುತು ಬಿದ್ದಿತ್ತು.

ನನ್ನನ್ನು ಕೇಳಲೇ ಇಲ್ಲವಲ್ಲ ಎಂದೆ. ಜಿನೆತ್ ನಕ್ಕುಬಿಟ್ಟಳು.

"ನಿನ್ನನ್ನ ಏನಕ್ಕಾ ಕೇಳೋದು? ರೊಸೇರ್ ಭಾವನೇ ಹೇಳಿದ್ರು, ನಮ್ಮನೇದು ಎರಡೂ ಹಾಕ್ಕೋ ಅಂತ."

ಎಂಬತ್ತರಲ್ಲಿ ಮೊದಲನೆಯ ಜನಮತಗಣನೆಗೆ 'ಹೌದು' ಹಾಕಿ, ಸೋತಾಗ ಅಡುಗೆಮನೆಯ ನೆಲದ ಮೇಲೆ ಕೂತು ಅತ್ತವಳು ನಾನು. ನನ್ನಪ್ಪ ಸಾಯುವಾಗಲೂ ನಮ್ಮದೊಂದು ದೇಶ ಎನ್ನುತ್ತಿದ್ದರು. ಯಾರಾದರೂ ಒಂದು ಸಲ ಫೋನ್ ಮಾಡಿ "ಯೋಲಾಂದ್, ನೀನೇನಂತೀಯ?" ಎಂದು ಕೇಳಿದ್ದರೆ ಆಗುತ್ತಿತ್ತೇನೋ. ಗೊತ್ತಿಲ್ಲ, ಬಹುಶಃ ಅದೂ ನೆಪವೇ. ನಿಜ ಹೇಳುತ್ತೇನೆ: ದೇಶ ಬಂದರೆ ಪೊಮೆರ್ಲೊ ಆ ದೇಶದ ಮಂತ್ರಿಯಾಗುತ್ತಾರೆ, ನನ್ನ ಗಂಡ ವಾರಕ್ಕೆ ಏಳೂ ದಿನ ಅವರವನಾಗುತ್ತಾನೆ, ಸೋತರೆ ಗಂಡ ಮನೆಗೆ ಬರುತ್ತಾನೆ. ಪರದೆಯ ಹಿಂದೆ ಪೆನ್ಸಿಲು ಹಿಡಿದಾಗ ನನ್ನ ತಲೆಯಲ್ಲಿ ಇದ್ದದ್ದು ಇಷ್ಟೇ. 'ಇಲ್ಲ' ಎಂಬುದರ ಮುಂದೆ ಗೀಟು ಹಾಕಿ, ಮಡಚಿ, ಪೆಟ್ಟಿಗೆಗೆ ಹಾಕಿ ಬಂದೆ. ಹೊರಗೆ ರೊಸೇರ್ ಮುದುಕಿಯರನ್ನು ಕಾರಿನಿಂದ ಇಳಿಸುತ್ತಿದ್ದ, ನನ್ನನ್ನು ನೋಡಿ ಹೆಬ್ಬೆರಳು ಎತ್ತಿ ತೋರಿಸಿದ.

ಇಡೀ ಪ್ರಾಂತ್ಯದಲ್ಲಿ ನೂರಕ್ಕೆ ಒಂದರಷ್ಟು ಅಂತರದಲ್ಲಿ ಸೋತೆವು. ನಮ್ಮ ಕ್ಷೇತ್ರದಲ್ಲಿ ಇಪ್ಪತ್ತಮೂರು ಮತಗಳಿಂದ. ನನ್ನದೊಂದು ಮತದಿಂದ ಏನೂ ಆಗಿಲ್ಲ ಎಂದು ಲೆಕ್ಕ ಹೇಳಬಹುದು. ನಾನೂ ದಿನಾ ಹೇಳಿಕೊಂಡೆ. ಆದರೆ ಇಪ್ಪತ್ತಮೂರು ಎಂಬ ಮಾತು ಯಾರ ಬಾಯಲ್ಲಿ ಬಂದರೂ ನನ್ನ ಕೈಯಲ್ಲಿದ್ದ ಪಾತ್ರೆ ಕೆಳಗೆ ಬೀಳುತ್ತಿತ್ತು.

ಪೊಮೆರ್ಲೊ ಕೊಟ್ಟ ಮಾತಿನಂತೆ ನಡೆದುಕೊಂಡರು. ಮರುದಿನ ರೊಸೇರ್ ಅವರನ್ನು ರಾಜಧಾನಿಗೆ ಕರೆದೊಯ್ದ, ಅವರು ರಾಜೀನಾಮೆ ಕೊಟ್ಟರು, ಸರಕಾರದ ಕಾರನ್ನು ಅಲ್ಲೇ ಬಿಟ್ಟು ಇಬ್ಬರೂ ಬಸ್ಸಿನಲ್ಲಿ ಊರಿಗೆ ಬಂದರು. ಆ ವಾರ ನಾನು ಬಟಾಣಿ ಸೂಪು ಮಾಡಿದೆ, ಹಂದಿಮಾಂಸ ಹಾಕಿ ಬೀನ್ಸ್ ಕಾಳು ಬೇಯಿಸಿದೆ, ಮೇಪಲ್ ಮರದ ಸಿಹಿ ರಸದ ಪಾಕದಿಂದ ಮಿಠಾಯಿ ಮಾಡಿದೆ. ಸೋತವರ ಮನೆಯಲ್ಲಿ ಹಬ್ಬದಡುಗೆ. ರೊಸೇರ್ ತಟ್ಟೆ ಮುಂದೆ ಕೂತು ಮಂತ್ರಿಗಳು ಏನು ತಿಂದರೋ ಎಂದ.

ಊರಿಗೆಲ್ಲ ಒಂದೇ ಮಾತು, ಪೊಮೆರ್ಲೊ ಮುಂದೇನು ಮಾಡುತ್ತಾರೆ? ಜಿನೆತ್ ಪ್ರಕಾರ ಪ್ಯಾರಿಸಿಗೆ ರಾಯಭಾರಿ. ಅಂಚೆಯವನ ಪ್ರಕಾರ ಪಕ್ಷದ ಮುಂದಿನ ಅಧ್ಯಕ್ಷ. ರೊಸೇರ್‌ಗೆ ಮಾತ್ರ ಸಂಶಯವೇ ಇಲ್ಲ. ಒಂದು ವರ್ಷ ಸುಮ್ಮನಿರುತ್ತಾರೆ, ಜನ ಕಾಲು ಹಿಡಿದು ಕರೆಯುತ್ತಾರೆ, ಮತ್ತೆ ನಿಲ್ಲುತ್ತಾರೆ. ಅಷ್ಟರವರೆಗೆ ತನ್ನ ಚಾಲಕನ ಕರಿಕೋಟಿಗೆ ವಾರಕ್ಕೊಮ್ಮೆ ಇಸ್ತ್ರಿ ಆಗುತ್ತಿರಬೇಕು. ಅವನೇ ಹಾಕುತ್ತಿದ್ದ.

ನವೆಂಬರ್ ಮಧ್ಯದಲ್ಲಿ ಪೊಮೆರ್ಲೊ ನಮ್ಮ ಮನೆಗೆ ನಡೆದುಕೊಂಡು ಬಂದರು. ಕಾಲುಚೀಲ ಒದ್ದೆ, ಮುಖ ಇಳಿದಿತ್ತು. ಅಯ್ಯೋ ಎನಿಸಬೇಕಿತ್ತು, ಎನಿಸಲಿಲ್ಲ. ನದಿಯಾಚೆ, ಬಹುದೂರದ ಉತ್ತರ ದಂಡೆಯ ಒಂದೂರಿನ ಕಾಲೇಜಿನಲ್ಲಿ ಇತಿಹಾಸದ ಮೇಷ್ಟ್ರು ಮಾರ್ಚಿನಲ್ಲಿ ರಜೆ ಹೋಗುತ್ತಾರಂತೆ, ಆ ಜಾಗಕ್ಕೆ ಇವರು ಹೋಗುತ್ತಾರಂತೆ. ಅಲ್ಲಿ ಸಿಕ್ಕಿರುವ ಮನೆಯಿಂದ ಕಾಲೇಜಿಗೆ ದೂರ, ಬಸ್ಸಿಲ್ಲ.

"ರೊಸೇರ್, ನನಗೆ ಕಾರು ಓಡ್ಸೋದು ಕಲಿಸ್ತೀಯಾ?" ಎಂದರು.

ನನ್ನ ಗಂಡನ ಮುಖ ನೋಡಬೇಕಿತ್ತು. ನಾನೇ ಬರುತ್ತೇನೆ, ನಾನೇ ಓಡಿಸುತ್ತೇನೆ ಎಂದು ತೊದಲಿದ. ನನ್ನೆದುರೇ! ಆ ಕಾಡುಮೂಲೆಗೆ ಇವನೂ ಹೊರಟಾನೆಂದು ನನಗೆ ಹೆದರಿಕೆಯಾಯಿತು. ಪೊಮೆರ್ಲೊ ಬೇಡವೆಂದು ತಲೆಯಾಡಿಸಿ, ಕಲಿಸಿದರೆ ಸಾಕು ಎಂದರು.

ಹೀಗೆ ಪಾಠ ಶುರುವಾಯಿತು. ಬೆಳಿಗ್ಗೆ ಹತ್ತಕ್ಕೆ ಚರ್ಚಿನ ಮುಂದಿನ ಬಯಲಿನಲ್ಲಿ, ನಮ್ಮ ಷೆವ್ರೊಲೆಯಲ್ಲಿ. ಈ ಸಲ ನನ್ನನ್ನು ಮನೆಯಲ್ಲಿ ಬಿಟ್ಟು ಹೋಗಲು ಬಿಡುವುದಿಲ್ಲವೆಂದು ನಾನೂ ಹೋಗಿ ಹಿಂದಿನ ಸೀಟಿನಲ್ಲಿ ಹೆಣೆಯಲು ಉಣ್ಣೆ ಹಿಡಿದು ಕೂತೆ. ನನಗೆ ಕಾರು ಬರುವುದಿಲ್ಲ, ಬೇಕೆಂದೂ ಅನಿಸಿರಲಿಲ್ಲ, ಎಲ್ಲಿಗಾದರೂ ಕರೆದೊಯ್ಯಲು ಜಿನೆತ್ ಇದ್ದಾಳೆ. ಆದರೆ ಮೂವತ್ತೆರಡು ವರ್ಷದಲ್ಲಿ ನನ್ನ ಗಂಡ ಯಾರೊಂದಿಗೂ ಅಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ನಿಧಾನಕ್ಕೆ ಒತ್ತಿ ಮಂತ್ರಿಗಳೇ. ಹೆದರಬೇಡಿ ಮಂತ್ರಿಗಳೇ. ಭೇಷ್. ನನ್ನ ಹೊಲಿಗೆಗಾಗಲಿ ಅಡುಗೆಗಾಗಲಿ ಆ ಬಾಯಿಂದ ಒಂದು ಭೇಷ್ ಬಂದದ್ದಿಲ್ಲ. ಹೆಣೆಯುತ್ತಿದ್ದ ಸಾಲುಗಳನ್ನೆಲ್ಲ ತಪ್ಪಿಸಿದೆ.

ಡಿಸೆಂಬರಿನಲ್ಲಿ ಪೊಮೆರ್ಲೊ ಪಟ್ಟಣದ ಲೈಸೆನ್ಸ್ ಕಚೇರಿಗೆ ಪರೀಕ್ಷೆಗೆ ಹೋದರು. ಫೇಲಾದರು. ಕ್ರಿಸ್ಮಸ್ಸಿಗೆ ರೊಸೇರ್ ಅವರನ್ನು ನಮ್ಮಲ್ಲಿಗೇ ಊಟಕ್ಕೆ ಕರೆದ. ಮಾಂಸದ ಕಡುಬಿಗೆ ಈರುಳ್ಳಿ ಹಾಕಬೇಡವೆಂದು ನನಗೆ ಮೂರು ಸಲ ಹೇಳಿದ. ಜನವರಿಯಲ್ಲಿ ಮತ್ತೆ ಪರೀಕ್ಷೆ, ಮತ್ತೆ ಫೇಲು. ಅಷ್ಟು ಓದಿದ ಮನುಷ್ಯನಿಗೆ ಹಳ್ಳಿಯ ಹುಡುಗರು ಪಾಸಾಗುವ ಪರೀಕ್ಷೆ ಆಗುವುದಿಲ್ಲವೇ ಎಂದು ಊರು ನಕ್ಕಿತು. ಪರೀಕ್ಷಕನಿಗೆ ಕನ್ನಡಿ ನೋಡುವುದರ ಬಗ್ಗೆ ಏನೋ ಅಸಮಾಧಾನ, ಅವನು ಹಾಳೆಯ ಮೇಲೆ ಗೀಚಿದ್ದನ್ನು ಓದಲಾಗುತ್ತಿಲ್ಲ ಎಂದರು ಪೊಮೆರ್ಲೊ. ರೊಸೇರ್ ಅವರ ಹೆಗಲು ತಟ್ಟಿ, ಅವಸರ ಏನಿದೆ, ಅಷ್ಟರಲ್ಲಿ ನಾನಿಲ್ಲವೇ ಎಂದ. ಸಂತೋಷಪಡಬಾರದಾದ ಹೊತ್ತಿನಲ್ಲಿ ಅವನ ಧ್ವನಿಯಲ್ಲಿ ಸಂತೋಷವಿತ್ತು.

ಮನೆಗೆ ಬರುವಾಗ ರೊಸೇರ್ ಓಡಿಸುತ್ತಿದ್ದ. ಬಲಕ್ಕೆ ತಿರುಗುವ ಮುಂಚೆ ಅವನು ಕನ್ನಡಿ ನೋಡಿ, ಆಮೇಲೆ ಕತ್ತು ತಿರುಗಿಸಿ ಭುಜದ ಮೇಲಿಂದ ಹಿಂದಕ್ಕೆ ನೋಡಿದ. ಯಾವಾಗಲೂ ಹಾಗೆ ನೋಡುತ್ತಾನೆ. ಮದುವೆಯಾದ ಹೊಸದರಲ್ಲಿ ಪಕ್ಕದಲ್ಲಿ ಕೂತ ನನ್ನನ್ನೇ ನೋಡುತ್ತಾನೆಂದು ನಾನು ಕೆಂಪಾಗುತ್ತಿದ್ದೆ. ಏನು ಹಾಗೆ ನೋಡ್ತೀಯ ಎಂದು ಕೇಳಿದಾಗ, ಕನ್ನಡಿಗೆ ಕಾಣದ ಜಾಗವೊಂದಿರುತ್ತದೆ, ತಿರುಗಿ ನೋಡದೇ ತಿರುಗಿಸಿದರೆ ಸೈಕಲ್ಲಿನವನು ಸಾಯುತ್ತಾನೆ ಎಂದಿದ್ದ. ಆ ದಿನ ನನಗೆ ಎಷ್ಟು ನಿರಾಸೆಯಾಗಿತ್ತೆಂದರೆ ಆ ಪಾಠ ಇವತ್ತಿಗೂ ಮರೆತಿಲ್ಲ.

ಎರಡು ತಿಂಗಳ ಪಾಠದಲ್ಲಿ ಪೊಮೆರ್ಲೊಗೆ ಅವನು ಇದನ್ನು ಒಮ್ಮೆಯೂ ಹೇಳಿರಲಿಲ್ಲ. ಹಿಂದಿನ ಸೀಟಿನಲ್ಲಿ ಕೂತು ಪ್ರತಿ ಮಾತನ್ನೂ ಕೇಳಿದವಳು ನಾನು. ಮರೆತನೇ? ಹಾಲಿನ ಡಬ್ಬಿ ಒಂದನ್ನೂ ಮರೆಯದವನು. ಬೇಕೆಂದೇ ಬಿಟ್ಟಿದ್ದ. ಶಿಷ್ಯ ಪಾಸಾದರೆ ಹೊರಟುಹೋಗುತ್ತಾನಲ್ಲ! ಇಷ್ಟು ದಿನ ಆ ಮನುಷ್ಯ ನನ್ನ ಗಂಡನನ್ನು ಕಟ್ಟಿಹಾಕಿಕೊಂಡಿದ್ದಾನೆ ಎಂದುಕೊಂಡಿದ್ದೆ. ಹಗ್ಗದ ತುದಿ ನನ್ನ ಗಂಡನ ಕೈಯಲ್ಲಿತ್ತು. ನನಗಾಗಿ ಅವನು ಎಂದಾದರೂ ಒಂದು ಸುಳ್ಳು ಹೇಳಿದ್ದಾನೆಯೇ, ಒಂದು ಮೋಸ ಮಾಡಿದ್ದಾನೆಯೇ ಎಂದು ಯೋಚಿಸಿದೆ. ಇಲ್ಲ.

ಫೆಬ್ರುವರಿಯಲ್ಲಿ ಮೂರನೆಯ ಪರೀಕ್ಷೆ. ಪಟ್ಟಣದ ದಾರಿಯಲ್ಲಿ ಪೆಟ್ರೋಲ್ ಹಾಕಿಸಿ, ಮಂತ್ರಿಗಳಿಗೆ ಬಿಸಿನೀರು ತರುತ್ತೇನೆಂದು ರೊಸೇರ್ ಒಳಗೆ ಹೋದ. ಸ್ಟೀರಿಂಗ್ ಹಿಡಿದು ಪೊಮೆರ್ಲೊ, ಹಿಂದೆ ನಾನು. ಹತ್ತೊಂಬತ್ತು ವರ್ಷದಲ್ಲಿ ನಾವಿಬ್ಬರೇ ಕೂತದ್ದು ಅದೇ ಮೊದಲು. ಕನ್ನಡಿಗೆ ಕಾಣದ ಜಾಗದ ವಿಷಯ ಹೇಳಿಬಿಟ್ಟೆ. ಪ್ರತಿ ಸಲ ತಿರುಗುವ ಮುಂಚೆ ಕತ್ತು ಹೊರಳಿಸಿ, ಪರೀಕ್ಷಕನಿಗೆ ಕಾಣುವ ಹಾಗೆ ಹೊರಳಿಸಿ ಎಂದೆ.

ಅವರು ಎಡಗಿವಿ ಮಂದವೆಂದು ಪೂರ್ತಿ ನನ್ನ ಕಡೆ ತಿರುಗಿ ಕೇಳಿಸಿಕೊಂಡರು. ರೊಸೇರ್ ಇದನ್ನು ಹೇಳಲು ಮರೆತಿರಬೇಕು ಎಂದರು. ಅವನು ಮರೆಯುವ ಪೈಕಿ ಅಲ್ಲ ಎಂದೆ.

"ಮತ್ತೆ ನೀವ್ಯಾಕೆ ಹೇಳ್ತಿದ್ದೀರಿ, ಮದಾಂ?"

"ನೀವು ನಮ್ಮನ್ನ ಬಿಟ್ಟು ತೊಲಗಲಿ ಅಂತ."

ಬಾಯಿತಪ್ಪಿ ಬಂದ ಮಾತಲ್ಲ, ಅಷ್ಟು ವರ್ಷ ನಾಲಗೆ ತುದಿಯಲ್ಲೇ ಇದ್ದದ್ದು. ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು.

"ನನಗೂ ಹೋಗ್ಬೇಕು," ಎಂದರು. "ಸೋತ ಮೇಲೆ ಊರಲ್ಲಿ ಯಾರ ಮುಖ ನೋಡೋಕೂ ಆಗ್ತಿಲ್ಲ ನಂಗೆ. ರೊಸೇರ್‌ಗೆ ಹೇಗೆ ಹೇಳ್ಲಿ? ದಿನಾ ಬೆಳಿಗ್ಗೆ ಬಂದು, ಮತ್ತೆ ನಿಲ್ತೀರಲ್ಲ ಅಂತಾನೆ. ಇಪ್ಪತ್ಮೂರು ಜನರಿಗೆ ಇನ್ನೊಂದ್ಸಲ ನಾನೇ ಹೋಗಿ ಹೇಳಿದ್ರೆ ಆಗ್ತಿತ್ತು ಅಂತಾನೆ."

ಆ ಇಪ್ಪತ್ತಮೂರರಲ್ಲಿ ಒಬ್ಬಳು ಇಲ್ಲೇ ಕೂತಿದ್ದಾಳೆ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ರೊಸೇರ್ ಬಿಸಿನೀರಿನ ಲೋಟ ಚೆಲ್ಲದಂತೆ ಹಿಡಿದುಕೊಂಡು ಹಿಮದ ಮೇಲೆ ಮೆಲ್ಲಗೆ ಹೆಜ್ಜೆಯಿಡುತ್ತ ಬಂದ.

ಪೊಮೆರ್ಲೊ ಪಾಸಾದರು. ಹದಿನೈದು ದಿನಕ್ಕೆ ಒಂದು ಹಳೆಯ ಕೆಂಪು ಕಾರು ಕೊಂಡು, ಪುಸ್ತಕಗಳನ್ನು ತುಂಬಿಕೊಂಡು ನಮ್ಮ ಮನೆ ಮುಂದೆ ನಿಲ್ಲಿಸಿದರು. ರೊಸೇರ್ ಟೈರು ಒದ್ದು ನೋಡಿದ, ದೀಪಗಳನ್ನು ನೋಡಿದ, ಬಾನೆಟ್ ಎತ್ತಿ ಎಣ್ಣೆ ನೋಡಿದ. ನೋಡಲು ಇನ್ನೇನೂ ಉಳಿಯದಾಗ ಅವರನ್ನು ತಬ್ಬಿಕೊಂಡು ಅತ್ತ. ನನ್ನ ತಾಯಿ ಸತ್ತಾಗ ಅಳದವನು, ತನ್ನ ತಾಯಿ ಸತ್ತಾಗಲೂ ಅಳದವನು, ಬೀದಿಯಲ್ಲಿ ನಿಂತು ಬಿಕ್ಕಿಬಿಕ್ಕಿ ಅತ್ತ. ಪೊಮೆರ್ಲೊ ಕಾರು ಹತ್ತಿದರು. ಬೀದಿಯ ಕೊನೆಯಲ್ಲಿ ಬಲಕ್ಕೆ ತಿರುಗುವ ಮುಂಚೆ ಅವರ ತಲೆ ಚೆನ್ನಾಗಿ ಕಾಣುವ ಹಾಗೆ ಭುಜದ ಕಡೆ ಹೊರಳಿತು. ರೊಸೇರ್ ಅದನ್ನು ನೋಡಿದ.

ಒಳಗೆ ಬಂದು ಅಡುಗೆಮನೆಯ ಮೇಜಿನ ಮುಂದೆ ಕೂತ. ನಾನು ಮಧ್ಯಾಹ್ನದ ಊಟಕ್ಕೆ ಇಡುತ್ತಿದ್ದೆ.

"ಅದನ್ನ ಅವರಿಗೆ ಯಾರು ಹೇಳಿಕೊಟ್ರು?" ಎಂದು ಕೇಳಿದ.

"ನಾನೇ."

ಕೂಗಾಡಿದ್ದರೆ ನಾನೂ ಕೂಗಾಡಿ ಅಷ್ಟಕ್ಕೇ ಮುಗಿಸುತ್ತಿದ್ದೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರಲ್ಲ. ಅವನು ಕಿಟಕಿಯಾಚೆ ಖಾಲಿ ಬೀದಿ ನೋಡುತ್ತ ಕೂತಿದ್ದ, ನನಗೆ ಆಗಲೂ, ಅವರು ಹೋದ ಮೇಲೂ, ಆ ಬೀದಿಯ ಮೇಲೆ ಹೊಟ್ಟೆಕಿಚ್ಚಾಯಿತು. ನೋಯಿಸಬೇಕೆನಿಸಿತು. ಅದಕ್ಕೇ ಹೇಳಿದೆನೋ, ಇಟ್ಟುಕೊಳ್ಳಲಾಗದೇ ಹೇಳಿದೆನೋ, ಇವತ್ತಿಗೂ ಗೊತ್ತಿಲ್ಲ.

"ಅಕ್ಟೋಬರಲ್ಲಿ ನಾನು 'ಇಲ್ಲ' ಅಂತ ಹಾಕಿದ್ದೆ ರೊಸೇರ್."

ಅವನು ನಿಧಾನವಾಗಿ ನನ್ನ ಕಡೆ ತಿರುಗಿದ. ಆ ಮುಖದಲ್ಲಿ ಸಿಟ್ಟು ಹುಡುಕಿದೆ, ಇರಲಿಲ್ಲ. ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ತಾನೇ ಹಾಕಿಸಿದ ಗುರುತು ಅವನಿಗೆ ನೆನಪಾಗುತ್ತಿತ್ತು ಎಂದು ತೋರುತ್ತದೆ. ಯಾಕೆ ಎಂದ.

"ನೀನು ಮನೆಗೆ ಬರ್ಲಿ ಅಂತ."

ಅವನು ತಲೆಯಾಡಿಸಿದ. ಎರಡೂ ಕೈಗಳನ್ನು ಮೇಜಿನ ಮೇಲಿಟ್ಟ. ಐವತ್ತೇಳು ವರ್ಷದ ಗಂಡಸು, ಹದಿನಾರರಿಂದ ಸ್ಟೀರಿಂಗ್ ಬಿಟ್ಟು ಬೇರೇನೂ ಹಿಡಿದು ಗೊತ್ತಿಲ್ಲದ ಕೈಗಳು.

"ಬಂದಿದ್ದೀನಲ್ಲ," ಎಂದ. "ಈಗ ಏನ್ ಮಾಡ್ಲಿ ಹೇಳು."

ಕೇಳಿದ ಧಾಟಿಯಲ್ಲಿ ಕುಹಕವಿರಲಿಲ್ಲ. ನಿಜವಾಗಿ ಕೇಳಿದ್ದ, ನಾನು ಹೇಳಿದರೆ ಎದ್ದು ಮಾಡುವವನಂತೆ. ಹತ್ತೊಂಬತ್ತು ವರ್ಷ ಅವನನ್ನು ಮನೆಗೆ ಬಾ ಬಾ ಎಂದು ಕರೆದೆ, ಅದಕ್ಕಾಗಿ ಅಪ್ಪನ ಮಾತು ಮೀರಿದೆ, ನನ್ನ ದೇಶದ ವಿರುದ್ಧ ಗೀಟು ಎಳೆದೆ. ಬಂದ ಮೇಲೆ ಇಬ್ಬರೂ ಏನು ಮಾಡುತ್ತೇವೆ ಎಂದು ಮಾತ್ರ ಒಂದು ದಿನವೂ ಯೋಚಿಸಿರಲಿಲ್ಲ. ಅವನು ಕಾಯುತ್ತ ಕೂತಿದ್ದ, ನಾನು ಎರಡನೆಯ ತಟ್ಟೆಯನ್ನೂ ಇಟ್ಟು ಅವನೆದುರು ಕೂತೆ.